ಕುಸುಬಿ ಎಣ್ಣೆಯ ಹೊಗೆ

ಹೋದ ತಿಂಗಳು ಕೆರೂರ ಸಂತೆಯಲ್ಲಿ ಮಿರ್ಚಿ ಬಜಿ ಕರಿಯುವ ಒಬ್ಬ ಮುದುಕನ ಕೊರಳಪಟ್ಟಿ ಹಿಡಿದುಬಿಟ್ಟೆ. ಅವನು ನನಗೇನೂ ಮಾಡಿರಲಿಲ್ಲ. ಟ್ರ್ಯಾಕ್ಟರಿನ ಬೇರಿಂಗ್ ತರಲು ಹೋದವನು ಹೊಟ್ಟೆ ಹಸಿದು ಅವನ ಗಾಡಿಯ ಮುಂದೆ ನಿಂತಿದ್ದೆ. ಈಗ ಎಲ್ಲರೂ ಪಾಮ್ ಎಣ್ಣೆ ಸುರಿಯುತ್ತಾರೆ. ಇವನು ಹಳೇ ಮನುಷ್ಯ, ಕುಸುಬಿ ಎಣ್ಣೆ ಇಟ್ಟಿದ್ದ. ಯಾರ ಜೊತೆಗೋ ಮಾತಾಡುತ್ತ ಉರಿ ಸಣ್ಣ ಮಾಡುವುದನ್ನು ಮರೆತ. ಎಣ್ಣೆ ಕಾದು ಬೆಳ್ಳನೆಯ ಹೊಗೆ ಎದ್ದು ನನ್ನ ಮುಖಕ್ಕೆ ಬಡಿಯಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಮಂದಿ ಬಿಡಿಸಿದಾಗ ಅವನ ಅಂಗಿಯ ಎರಡು ಗುಂಡಿ ನನ್ನ ಮುಷ್ಟಿಯೊಳಗಿದ್ದವು. "ಗಾಳಿ ಬಂದ್ ಮಾಡು, ಗಾಳಿ ಬಂದ್ ಮಾಡು" ಎಂದು ಒದರುತ್ತಿದ್ದೆನಂತೆ.

ಮುದುಕ ದೊಡ್ಡ ಮನಸ್ಸಿನವನು. ನಾನು ಕೈ ಮುಗಿದು ತಪ್ಪಾಯಿತೆಂದರೆ, ನೀರು ಕೊಟ್ಟು ಕೂಡಿಸಿ, ನಿಮ್ಮ ಮನೆಯಲ್ಲಿ ಯಾರಾದರೂ ಬೆಂಕಿಯಲ್ಲಿ ಹೋಗಿದ್ದಾರೇನು ಎಂದು ಕೇಳಿದ. ಇಲ್ಲ ಎಂದೆ. ಬೇರಿಂಗ್ ತರುವುದನ್ನು ಮರೆತು ಹುನಗುಂದದ ಬಸ್ಸು ಹತ್ತಿದೆ.

ನನ್ನ ಹೆಸರು ಖಾಸೀಮಸಾಬ. ಹುನಗುಂದದಲ್ಲಿ ನನ್ನ ಗ್ಯಾರೇಜು. ನೀರೆತ್ತುವ ಎಂಜಿನ್ನು, ಟ್ರ್ಯಾಕ್ಟರು, ಇಳಕಲ್ ಕಡೆಯ ಕಲ್ಲು ಕ್ವಾರಿಗಳ ಕಂಪ್ರೆಸರು, ಡೀಸೆಲ್ ಕುಡಿಯುವುದೆಲ್ಲ ನನ್ನ ಹತ್ತಿರ ಬರುತ್ತದೆ. ಕೈ ಚೊಕ್ಕ, ಬಾಯಿ ಹೊಲಸು ಎಂದು ತಾಲೂಕಿನಲ್ಲೆಲ್ಲ ಹೆಸರು. ತಪ್ಪು ಜೋಡಿಸಿದ ಎಂಜಿನ್ ಕಂಡರೆ ಜೋಡಿಸಿದವನನ್ನು ಹುಡುಕಿಕೊಂಡು ಹೋಗಿ ಬೈದು ಬರುತ್ತಿದ್ದೆ. ಬೈಗುಳ ಸಾಲದಿದ್ದರೆ ನಟ್ಟು ಬಿಚ್ಚುವ ಪಾನಾ ಎತ್ತುತ್ತಿದ್ದೆ. ಸಿಟ್ಟು ಬಂದಾಗ ನನ್ನ ಕೈ ನನ್ನ ಮಾತು ಕೇಳುವುದಿಲ್ಲ, ಇದು ಹೆಮ್ಮೆಯಿಂದ ಹೇಳುವ ಮಾತಲ್ಲ.

ನಾನು ಹೇಳಹೊರಟಿರುವುದು ಆರು ವರ್ಷದ ಹಿಂದಿನ ಒಂದು ಮಳೆಗಾಲದ ಸಂಗತಿ. ಮಳೆಗಾಲ ಎಂದೆನಾದರೂ ನಮ್ಮ ಕಡೆ ಮಳೆ ಅಷ್ಟಕ್ಕಷ್ಟೆ. ನೀರು ಬರುವುದು ಮೇಲಿನಿಂದ, ಎಲ್ಲೋ ದೂರದ ಘಟ್ಟದಲ್ಲಿ ಸುರಿದದ್ದು ನಮ್ಮ ಹೊಲಕ್ಕೆ ಬಂದು ನಿಲ್ಲುತ್ತದೆ. ಹೊಳೆಯ ಹಿನ್ನೀರು ಸುತ್ತುವರಿದ ಒಂದು ಊರಿದೆ, ಅದರ ಹೆಸರು ಬರೆಯುವುದಿಲ್ಲ. ಆ ಊರಿನ ರಸ್ತೆ ಆ ವರ್ಷ ಆಷಾಢದಲ್ಲೇ ಮುಳುಗಿತು. ಶಾಲೆಗೆ, ದವಾಖಾನೆಗೆ, ಹಿಟ್ಟಿನ ಗಿರಣಿಗೆ, ಎಲ್ಲದಕ್ಕೂ ಇದ್ದದ್ದು ಒಂದೇ ತಗಡಿನ ದೋಣಿ. ಅದರ ನಡುವೆ ಮರದ ತೊಲೆಗೆ ಬಿಗಿದ ಹತ್ತು ಹಾರ್ಸ್‌ಪವರಿನ ಡೀಸೆಲ್ ಎಂಜಿನ್ನು, ಮೊದಲು ಯಾರದೋ ಹೊಲದಲ್ಲಿ ನೀರೆತ್ತುತ್ತಿದ್ದದ್ದು.

ದೋಣಿ ನಡೆಸುವವನು ಮಾಳಪ್ಪ. ಬೀರಪ್ಪ ದೇವರ ಒಕ್ಕಲು, ಕುರಿ ಕಾಯುವ ಮನೆತನ. ಅಣ್ಣ ಬೀರಣ್ಣ ಕುರಿ ನೋಡಿಕೊಂಡ, ಇವನಿಗೆ ಕುರಿಯ ವಾಸನೆ ಆಗದೆ ಎಂಜಿನ್ನಿಗೆ ಬಂದ. ಆದರೂ ಅಪ್ಪನ ಕರಿ ಕಂಬಳಿಯನ್ನು ಮಾತ್ರ ಹೆಗಲಿನಿಂದ ಇಳಿಸುತ್ತಿರಲಿಲ್ಲ. ಮನೆಯಲ್ಲಿ ದೇವರ ಪೂಜೆಗೆ ಹಾಸುವುದೂ ಅದನ್ನೇ. ನನಗೂ ಅವನಿಗೂ ಗುರುತಾದದ್ದೇ ಜಗಳದಲ್ಲಿ. ಎಂಜಿನ್ನಿನ ಗಾಳಿ ಫಿಲ್ಟರ್ ತೆಗೆದೊಗೆದು ಚೀಲದ ತುಂಡು ಕಟ್ಟಿದ್ದ, ನಾನು ಕಪಾಳಕ್ಕೆ ಕೊಟ್ಟೆ, ಅವನು ನನ್ನನ್ನು ಎತ್ತಿ ಹೊಳೆಗೆ ಎಸೆದ. ಈಜು ಬಾರದವನೆಂದು ತಿಳಿದು ತಾನೇ ಹಾರಿ ಎಳೆದು ತಂದ. ಅಂದಿನಿಂದ ವಾರಕ್ಕೊಮ್ಮೆ ಅವನ ಮನೆಯಲ್ಲಿ ನನ್ನ ಊಟ. ಅವನ ಅವ್ವ ನೀಲವ್ವ ನನ್ನ ಗಂಗಾಳಕ್ಕೆ ಅವನಿಗಿಂತ ಒಂದು ರೊಟ್ಟಿ ಹೆಚ್ಚು ಹಾಕುತ್ತಿದ್ದಳು.

ಆ ಮಳೆಗಾಲ ಮೊದಲಿನಿಂದಲೂ ಕೆಟ್ಟ ಸಿಟ್ಟಿನಲ್ಲಿತ್ತು. ಹೊಳೆಯಲ್ಲಿ ಬೇರುಸಹಿತ ಮರ, ಸತ್ತ ಎಮ್ಮೆ, ಯಾರದೋ ಮನೆಯ ಬಾಗಿಲು ತೇಲಿ ಬರುತ್ತಿದ್ದವು. ಗಾಳಿ ಜೋರಾಗಿ ಬೀಸಿದ ದಿನ ಮಾತಾಡಿದರೆ ಪಕ್ಕದವನಿಗೆ ಕೇಳುತ್ತಿರಲಿಲ್ಲ. ಎಂಜಿನ್ನೂ ಹಾಗೇ ಮೊಂಡು ಹಿಡಿದಿತ್ತು. ಒಂದು ಮುಂಜಾನೆ ಚಾಲೂ ಮಾಡಲು ಹ್ಯಾಂಡಲ್ ತಿರುಗಿಸಿದಾಗ ಅದು ಉಲ್ಟಾ ಹೊಡೆದು ನನ್ನ ದವಡೆಗೆ ಬಡಿಯಿತು. ರಕ್ತದ ಜೊತೆ ಎರಡು ಹಲ್ಲು ಉಗಿದೆ. ಮಾಳಪ್ಪ ಹೊಟ್ಟೆ ಹಿಡಿದು ನಕ್ಕ. ನಾಲ್ಕು ವರ್ಷದಿಂದ ಬೈಸಿಕೊಂಡದ್ದನ್ನೆಲ್ಲ ಎಂಜಿನ್ನು ಒಂದೇ ಏಟಿನಲ್ಲಿ ತೀರಿಸಿತು ಎಂದು ಊರಿಗೆಲ್ಲ ಹೇಳಿಕೊಂಡು ಬಂದ. ಆಮೇಲೆ ನನ್ನ ಮೈಮೇಲೆ ಎಲ್ಲಿ ಗಾಯ ಕಂಡರೂ ಆ ಊರವರು "ಹ್ಯಾಂಡಲ್ ಹೊಡೀತೇನ್ರಿ ಮಿಸ್ತ್ರಿ" ಎಂದು ಕೇಳುತ್ತಿದ್ದರು.

ನಾಗರ ಅಮಾಸಿಗೆ ಮೂರು ದಿನ ಮೊದಲು ಎಂಜಿನ್ ಎಣ್ಣೆ ತಿನ್ನಲು ಹತ್ತಿತು, ಶಕ್ತಿ ಕಳೆದುಕೊಂಡಿತು. ದಂಡೆಯ ಮೇಲೆ ತಾಡಪತ್ರಿ ಕಟ್ಟಿ ಪೂರಾ ಬಿಚ್ಚಿದೆ. ಪಿಸ್ಟನ್ ಓಡಾಡುವ ಸ್ಲೀವ್ ಹೊಸದು, ಪಿಸ್ಟನ್ನಿನ ರಿಂಗು ಹೊಸವು. ಜಿಟಿಜಿಟಿ ಮಳೆಯಲ್ಲಿ, ಹಾರುವ ತಾಡಪತ್ರಿಯನ್ನು ಮಾಳಪ್ಪ ಹಿಡಿದು ನಿಂತರೆ ನಾನು ಜೋಡಿಸುತ್ತಿದ್ದೆ. ಒಂದು ರಿಂಗು ಮುರಿಯಿತೆಂದು ಅವನಿಗೆ ಸುತ್ತಿಗೆ ಎಸೆದೆ. ಅದು ಅವನ ಮೊಣಕಾಲಿಗೆ ಬಿತ್ತು, ಅವನು ಅದನ್ನು ಎತ್ತಿ ಹೊಳೆಗೆ ಎಸೆದ.

ಇಲ್ಲಿ ಒಂದು ಪದ್ಧತಿಯ ಮಾತು ಹೇಳಬೇಕು. ಆ ಎಂಜಿನ್ನಿನ ಗಾಳಿ ಫಿಲ್ಟರಿನ ತಳದಲ್ಲಿ ಎರಡು ಕ್ಲಿಪ್ಪಿನಿಂದ ಬಿಗಿಯುವ ಒಂದು ಬಟ್ಟಲು ಇರುತ್ತದೆ. ಅದರಲ್ಲಿ ಒಂದು ಗೆರೆ, ಗೆರೆಯ ಮಟ್ಟಕ್ಕೆ ಎಣ್ಣೆ. ಒಳಗೆ ಹೋಗುವ ಗಾಳಿಯ ಧೂಳನ್ನು ಆ ಎಣ್ಣೆ ಹಿಡಿಯುತ್ತದೆ. ಗೆರೆ ದಾಟಿ ತುಂಬಿದರೆ ಜೋರಾಗಿ ಓಡುವಾಗ ಎಂಜಿನ್ನು ಗಾಳಿಯ ಜೊತೆ ಎಣ್ಣೆಯನ್ನೂ ಎಳೆದುಕೊಂಡು ಅದನ್ನೇ ಉರಿಸುತ್ತದೆ. ಆಗ ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಹುಚ್ಚು ಹಿಡಿದಂತೆ ಓಡಿ ಓಡಿ ಒಡೆದುಹೋಗುತ್ತದೆ. ಆ ಊರಿನ ಹೆಂಗಸರಿಗೆ ಇದೊಂದೂ ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ಎಂಜಿನ್ನು ಎಣ್ಣೆ ಉಣ್ಣುತ್ತದೆ, ಉಣ್ಣುವ ಬಟ್ಟಲು ಇದು, ತಮ್ಮ ಮಂದಿಯನ್ನು ಹೊತ್ತು ದಾಟಿಸುವುದಕ್ಕೆ ಮೊದಲು ಅದಕ್ಕೆ ಮನೆಯ ಎಣ್ಣೆ ಉಣಿಸಬೇಕು. ಅಮಾಸಿಗೊಮ್ಮೆ, ರಿಪೇರಿ ಆದಾಗೊಮ್ಮೆ ನಾನು ಬಟ್ಟಲು ಬಿಚ್ಚಿ ಕೊಡುವುದು, ನೀಲವ್ವ ಅದಕ್ಕೆ ಕುಂಕುಮ ಹಚ್ಚುವುದು, ಒಬ್ಬೊಬ್ಬರೂ ಒಂದು ಚಮಚ ಕುಸುಬಿ ಎಣ್ಣೆ ಹಾಕುವುದು. ಅವರು ಹೋದ ಮೇಲೆ ನಾನು ಅದನ್ನು ಚೆಲ್ಲಿ, ಒರೆಸಿ, ಗೆರೆಯ ಮಟ್ಟಕ್ಕೆ ಎಂಜಿನ್ ಆಯಿಲ್ ಹಾಕಿ ಬಿಗಿಯುತ್ತಿದ್ದೆ. ಚೆಲ್ಲುವುದನ್ನು ಮಾಳಪ್ಪ ನೋಡಿದ್ದ, ಹೆಂಗಸರಿಗೆ ಹೇಳಬೇಡ ಎಂದಿದ್ದ.

ಅಮಾಸಿಯ ಮುಂಜಾನೆ ಎಂಜಿನ್ ಜೋಡಿಸಿ ಮುಗಿಯಿತು. ಅದೇ ಹೊತ್ತಿಗೆ ನೀರು ಮತ್ತೆ ಏರಿತು. ಬೀರಣ್ಣ ಹೆಂಡತಿಯ ಜೊತೆ ಕುರಿ ಹಿಂಡು ಕಟ್ಟಿಕೊಂಡು ನಡುನೀರಿನ ಒಂದು ದಿಬ್ಬದ ಮೇಲೆ ಸಿಕ್ಕಿಬಿದ್ದಿದ್ದ. ದಂಡೆಯಿಂದ ನೋಡಿದರೆ ಕುರಿಗಳು ಒಂದರ ಮೇಲೊಂದು ನಿಂತಂತೆ ಕಾಣುತ್ತಿದ್ದವು. ಹೆದರಿಕೆಗೆ ಅವತ್ತು ಊರಿನ ಎಲ್ಲ ಮನೆಯ ಹೆಂಗಸರೂ ಎಣ್ಣೆ ತಂದರು. ಚಮಚದಿಂದ ಹಾಕುವವರು ವಾಟಗ ತುಂಬ ತಂದು ಸುರಿದರು. ಬಟ್ಟಲು ಅಂಚಿನವರೆಗೆ ತುಂಬಿತು.

ಮಾಳಪ್ಪ ಬಂದು ಹೊರಡೋಣ ಎಂದ. ಹೊಸ ರಿಂಗು ಕೂಡುವತನಕ ಎಂಜಿನ್ ಸಾವಕಾಶ ಓಡಿಸಬೇಕು, ಈ ಸೆಳವಿನಲ್ಲಿ ಪೂರಾ ಎಳೆದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ನಾಳೆ ಹೋಗು ಎಂದೆ.

"ನಾಳೆ ಆ ದಿಬ್ಬ ಇರಂಗಿಲ್ಲ ಖಾಸೀಮಾ."

ನಾನು ಆಡಬಾರದ ಮಾತು ಆಡಿದೆ. ಕುರಿ ಬಿಟ್ಟು ಬರುವ ಬುದ್ಧಿ ನಿಮ್ಮಣ್ಣನಿಗಿಲ್ಲ, ಎಂಜಿನ್ ತಿಳಿಯುವ ಬುದ್ಧಿ ನಿನಗಿಲ್ಲ, ಇಬ್ಬರನ್ನೂ ಹೊಳೆ ಒಯ್ದರೆ ಊರು ತಣ್ಣಗಿರುತ್ತದೆ ಎಂದೆ. ನೀಲವ್ವ ಅಲ್ಲೇ ಕುಂಕುಮದ ಭರಣಿ ಹಿಡಿದು ನಿಂತಿದ್ದಳು. ಮಾಳಪ್ಪ ತಲೆಯಿಂದ ನನ್ನ ಮೂಗಿಗೆ ಗುದ್ದಿದ. ನಾನು ಹ್ಯಾಂಡಲ್ ಎತ್ತಿ ಅವನ ಪಕ್ಕೆಗೆ ಬಾರಿಸಿದೆ. ಇಬ್ಬರೂ ಕೆಸರಿನಲ್ಲಿ ಬಿದ್ದು, ಅವನು ನನ್ನ ಕುತ್ತಿಗೆ ಒತ್ತಿ, ನಾನು ಅವನ ಕೈ ಕಚ್ಚಿ, ಎರಡು ಹುಚ್ಚು ನಾಯಿಗಳ ಹಾಗೆ ಹೊರಳಾಡಿದೆವು. ಕಚ್ಚಿದ್ದು ಬಲಗೈಯನ್ನು. ಹೆಂಗಸರೇ ಬಿಡಿಸಿದರು.

ನಾನು ಎದ್ದಾಗ ಸಿಟ್ಟಿಗೆ ಕಣ್ಣು ಕಾಣುತ್ತಿರಲಿಲ್ಲ. ಮೂಗಿನ ರಕ್ತ ಬಾಯಿಗೆ ಇಳಿಯುತ್ತಿತ್ತು. ಸಾಯುವುದಿದ್ದರೆ ಸಾಯಿ ನಡಿ ಎಂದು ಬೈಯುತ್ತ ಎಣ್ಣೆ ತುಂಬಿದ ಬಟ್ಟಲನ್ನು ಎತ್ತಿ ಹಾಗೇ ಫಿಲ್ಟರಿಗೆ ಹಚ್ಚಿ ಎರಡೂ ಕ್ಲಿಪ್ಪು ಒತ್ತಿದೆ. ಚೆಲ್ಲಲಿಲ್ಲ. ಕೈಮೇಲೆ ಎಣ್ಣೆ ತುಳುಕಿದ್ದು ಗೊತ್ತಾಯಿತು, ಪ್ಯಾಂಟಿಗೆ ಒರೆಸಿಕೊಂಡೆ. ಇಪ್ಪತ್ತು ವರ್ಷದ ಮಿಸ್ತ್ರಿಕಿ ಆ ಒಂದು ಗಳಿಗೆ ನನ್ನ ತಲೆಯಲ್ಲಿರಲಿಲ್ಲ. ನನ್ನ ಎಂಜಿನ್ನನ್ನು ಅವನೊಬ್ಬನ ಕೈಗೆ ಕೊಡಲು ಮನಸ್ಸಾಗದೆ ದೋಣಿಯನ್ನೂ ಹತ್ತಿದೆ.

ಅರ್ಧ ಹೊಳೆಯತನಕ ಎಲ್ಲ ಸರಿ ಇತ್ತು. ಮಾಳಪ್ಪ ಹಿಂದೆ ಚುಕ್ಕಾಣಿ ಮತ್ತು ಎಂಜಿನ್ನಿನ ವೇಗ ಏರಿಸುವ ಎಕ್ಸಲರೇಟರಿನ ಹಗ್ಗ ಹಿಡಿದಿದ್ದ, ನಾನು ನಡುವೆ ಎಂಜಿನ್ನಿನ ಪಕ್ಕ. ಸೆಳವು ದೋಣಿಯನ್ನು ಅಡ್ಡ ತಿರುಗಿಸತೊಡಗಿದಾಗ ಅವನು ಹಗ್ಗ ಪೂರಾ ಎಳೆದ. ಎಳೆಯಲೇಬೇಕಿತ್ತು. ಎಂಜಿನ್ ಮೇಲೇರಿತು. ಅವನು ಹಗ್ಗ ಬಿಟ್ಟ. ಎಂಜಿನ್ ಇಳಿಯಲಿಲ್ಲ, ಮತ್ತೂ ಏರಿತು. ಅದರ ಸದ್ದು ಗುಡುಗಿನಿಂದ ಕಿರುಚಾಟಕ್ಕೆ ತಿರುಗಿತು. ಡೀಸೆಲ್ ನಳ ಬಂದ್ ಮಾಡಿದೆ, ನಿಲ್ಲಲಿಲ್ಲ. ಹೆಡ್ಡಿನ ಮೇಲೆ, ಒಳಗೆ ಒತ್ತಿದ ಗಾಳಿಯನ್ನು ಹೊರಬಿಟ್ಟು ಎಂಜಿನ್ ನಿಲ್ಲಿಸುವ ಲಿವರ್ ಎತ್ತಿದೆ, ಪಿನ್ನು ಮುರಿದು ಲಿವರ್ ಕೈಗೆ ಬಂತು. ಹೊಗೆನಳಿಗೆಯಿಂದ ಬೆಳ್ಳನೆಯ ಹೊಗೆ ದೋಣಿಯನ್ನೇ ಮುಚ್ಚಿತು. ಹಬ್ಬದ ದಿನ ಒಲೆಯ ಮುಂದೆ ಕುಳಿತಂತೆ ಕರಿದ ವಾಸನೆ. ಆಗ ನನಗೆ ಎಲ್ಲ ತಿಳಿಯಿತು.

ಅರ್ಧ ಮುಳುಗಿದ ಜಾಲಿಗಿಡಗಳ ಕಡೆ ದೋಣಿ ಬಾಣದಂತೆ ಹೋಗುತ್ತಿತ್ತು. ಕ್ಲಿಪ್ಪಿಗೆ ಕೈ ಹಾಕಿದೆ, ಎಂಜಿನ್ನಿನ ಕುಣಿತಕ್ಕೆ ಬೆರಳು ನಿಲ್ಲಲಿಲ್ಲ. ಗಾಳಿ ಬಂದ್ ಮಾಡು, ಗಾಳಿ ಬಂದ್ ಮಾಡು ಎಂದು ಒದರಿದೆ. ಮಾಳಪ್ಪ ಚುಕ್ಕಾಣಿ ಬಿಟ್ಟು ಬಂದು, ಹೆಗಲ ಕಂಬಳಿಯನ್ನು ಮುದ್ದೆ ಮಾಡಿ ಫಿಲ್ಟರಿನ ಬಾಯಿಗೆ ಒತ್ತಿ, ಅದರ ಮೇಲೆ ಎದೆ ಹಚ್ಚಿ ಬಿದ್ದ. ಎಂಜಿನ್ ಕಂಬಳಿಯನ್ನು ಎಳೆದುಕೊಂಡು ಕೆಮ್ಮಿತು, ಒದ್ದಾಡಿತು. ಇನ್ನೇನು ನಿಂತಿತು ಎನ್ನುವಾಗ ಕಂಬಳಿಯ ಒಂದು ಸೆರಗು ಎಂಜಿನ್ನಿನ ಪಕ್ಕದಲ್ಲಿ ತಿರುಗುವ ಭಾರದ ಗಾಲಿಗೆ ಸುತ್ತಿಕೊಂಡಿತು. ಸೆರಗಿನ ಜೊತೆ ಅವನ ಬಲಗೈ ಹೋಯಿತು. ಜೋಳದ ದಂಟು ಮುರಿದ ಹಾಗೆ ಸದ್ದಾಯಿತು. ಆಮೇಲೆ ಎಂಜಿನ್ ನಿಂತಿತು.

ದೋಣಿ ಜಾಲಿಗಿಡಗಳಲ್ಲಿ ಸಿಕ್ಕಿ ನಿಂತಿತು. ನನ್ನ ಅಂಗಿ ಹರಿದು ಅವನ ತೋಳಿಗೆ ಬಿಗಿದು ಕಟ್ಟಿದೆ. ಅವನ ಕಣ್ಣು ಮುಚ್ಚಿತ್ತು, ಎಚ್ಚರ ತಪ್ಪಿದೆ ಎಂದುಕೊಂಡೆ. ದೂರದಲ್ಲಿ ಮೀನುಗಾರರ ಹರಗೋಲು ಬರುತ್ತಿತ್ತು. ಅದು ಮುಟ್ಟುವ ಮೊದಲು ನಾನು ಒಂದು ಕೆಲಸ ಮಾಡಿದೆ. ಬಟ್ಟಲು ಬಿಚ್ಚಿ, ಉಳಿದ ಕುಸುಬಿ ಎಣ್ಣೆಯನ್ನು ಹೊಳೆಗೆ ಚೆಲ್ಲಿ, ತೊಳೆದು, ಮತ್ತೆ ಹಚ್ಚಿದೆ. ಗೆಳೆಯ ರಕ್ತದಲ್ಲಿ ಬಿದ್ದಿರುವಾಗ ನನಗೆ ನನ್ನ ಮಿಸ್ತ್ರಿಕಿಯ ಹೆಸರು ನೆನಪಾಯಿತು. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆ ಬರುತ್ತದೆ.

ಬೀರಣ್ಣನನ್ನೂ ಅವನ ಹೆಂಡತಿಯನ್ನೂ ಮಧ್ಯಾಹ್ನ ಆ ಹರಗೋಲಿನವರೇ ತಂದರು. ಕುರಿ ಅರ್ಧಕ್ಕರ್ಧ ಹೊಳೆಪಾಲಾದವು. ಬಾಗಲಕೋಟೆಯ ದವಾಖಾನೆಯಲ್ಲಿ ಮಾಳಪ್ಪನ ಕೈಯನ್ನು ಮೊಣಕೈಯಿಂದ ತೆಗೆದರು. ಮೂರನೆಯ ದಿನ ಬೀರಣ್ಣ ಬಂದು, ಎಂಜಿನ್ ಯಾಕೆ ಹಾಗೆ ಮಾಡಿತು ಎಂದು ನನ್ನನ್ನು ಕೇಳಿದ. ಹೊಸ ರಿಂಗು, ಪೂರಾ ಎಳೆಯಬೇಡ ಎಂದು ಹೇಳಿದ್ದೆ ಎಂದೆ. ಸುಳ್ಳಿನ ಒಂದು ಅಕ್ಷರವೂ ಇಲ್ಲದ ಸುಳ್ಳು. ಬೀರಣ್ಣನಿಗೆ ಕುರಿ ಹೋದ ಸಂಕಟ, ಮಂಚದ ಮೇಲೆ ಮಲಗಿದ್ದ ತಮ್ಮನ ಕಪಾಳಕ್ಕೆ ಎರಡು ಬಿಗಿದ. ನಾನು ನೋಡುತ್ತ ನಿಂತೆ. ಹಲ್ಲು ಮುರಿದಾಗ ಆದದ್ದಕ್ಕಿಂತ ಹೆಚ್ಚು ನೋವಾಯಿತು, ಬಾಯಿ ಮಾತ್ರ ತೆರೆಯಲಿಲ್ಲ.

ನೀಲವ್ವ ಮಗನ ಕಾಲ ಬಳಿ ಕುಳಿತಿದ್ದಳು. ಮಡಿಲಲ್ಲಿ ಹರಿದ ಕಂಬಳಿ. ನನ್ನನ್ನು ಕೇಳಿದಳು.

"ಖಾಸೀಮಾ, ಅವತ್ತ ನಾವು ಎಣ್ಣಿ ಕಡಿಮಿ ಹಾಕಿದ್ವೇನೋ ಯಪ್ಪಾ?"

ಮಾಳಪ್ಪ ನನ್ನನ್ನೇ ನೋಡುತ್ತಿದ್ದ. ಅವನೇ ಅಂದ.

"ಇಲ್ಲ ಬೇ. ನಾನ ಪೂರಾ ಜಗ್ಗಿದ್ನಿ. ಮಿಸ್ತ್ರಿ ಬ್ಯಾಡ ಅಂದಿದ್ದ."

ಪಾಪ, ಅವನಿಗೆ ಗೊತ್ತಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಅಂದಿನಿಂದ ಪ್ರತಿ ಮಳೆಗಾಲವೂ ಆ ದೋಣಿಯ ಎಂಜಿನ್ನು ನೋಡಲು ನಾನೇ ಹೋದೆ. ಮಾಳಪ್ಪ ಎಡಗೈಯಲ್ಲಿ ಚುಕ್ಕಾಣಿ ಹಿಡಿಯುವುದನ್ನು ಕಲಿತ, ಬೀಡಿ ಹಚ್ಚುವುದನ್ನು ಕಲಿತ. ನೀಲವ್ವನಿಗೆ ಮಾತ್ರ ಎಣ್ಣೆ ಕಡಿಮೆಯಾಗಿತ್ತೆಂಬ ಅನುಮಾನ ಹೋಗಲಿಲ್ಲ. ವರ್ಷ ವರ್ಷ ಹೆಚ್ಚು ಹೆಚ್ಚು ಹಾಕಿದಳು. ಬಟ್ಟಲು ತುಂಬಿ ಹೊರಗೆ ಹರಿದರೂ ಇನ್ನೊಂದು ಚೂರು ಎನ್ನುತ್ತಿದ್ದಳು. ಅವಳು ಬೆನ್ನು ತಿರುಗಿಸಿದ ಮೇಲೆ ನಾನು ಚೆಲ್ಲುತ್ತಿದ್ದೆ, ಮೂರು ಸಲ ಗೆರೆ ನೋಡುತ್ತಿದ್ದೆ. ಮಾಳಪ್ಪ ಬೀಡಿ ಸೇದುತ್ತ ನನ್ನ ಕೈ ನೋಡುತ್ತಿದ್ದ. ನನ್ನ ಸಿಟ್ಟು ಆ ವರ್ಷಗಳಲ್ಲಿ ಕಡಿಮೆಯಾಗಲಿಲ್ಲ, ಕೆಟ್ಟಿತು. ಕಮತಗಿಯ ಒಬ್ಬ ಟ್ರ್ಯಾಕ್ಟರಿನವನು ಫಿಲ್ಟರಿಗೆ ಹೆಚ್ಚು ಎಣ್ಣೆ ಹಾಕಿಕೊಂಡು ಬಂದನೆಂದು ಅವನ ಬೆರಳು ಮುರಿದೆ, ಠಾಣೆಯತನಕ ಹೋಗಿ ಬಂದೆ. ಯಾರಾದರೂ ತಿರುಗಿ ನನಗೆ ಹೊಡೆದರೆ ಒಳಗೆ ಸ್ವಲ್ಪ ಹಗುರ ಅನಿಸುತ್ತಿತ್ತು. ಅದು ಯಾಕೆಂದು ನನಗೆ ಗೊತ್ತಿತ್ತು.

ಕೆರೂರಿನಿಂದ ಬಂದ ವಾರವೇ ನೀಲವ್ವ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಿ ಬಂದೆ, ಅವತ್ತು ಮಾತಾಡುವ ಹೊತ್ತಲ್ಲ. ಮನೆಯ ಕಾರ್ಯ ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಮತ್ತೆ ಹೋದೆ. ಮಾಳಪ್ಪ ಅಂಗಳದಲ್ಲಿ ಒಬ್ಬನೇ ಕುಳಿತಿದ್ದ. ಒಳಗಿನ ಗೂಟಕ್ಕೆ ಅದೇ ಕಂಬಳಿ ನೇತಾಡುತ್ತಿತ್ತು. ಹರಿದ ಜಾಗಕ್ಕೆ ನೀಲವ್ವ ಬೇರೆ ಉಣ್ಣೆಯಿಂದ ತೇಪೆ ಹಾಕಿದ್ದಳು, ಕರಿಯ ಮೇಲೆ ಕಂದು. ಆ ತೇಪೆ ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ.

ಮಾಳಪ್ಪ, ಅವತ್ತು ಬಟ್ಟಲು, ಎಂದು ಶುರು ಮಾಡಿದೆ. ಅವನು ಕೈ ಎತ್ತಿ ತಡೆದ.

"ಗೊತ್ತೈತಿ. ನಾ ಕಣ್ಣ ಮುಚ್ಚಿದ್ನಿ, ಸತ್ತಿರಲಿಲ್ಲ. ನೀ ಚೆಲ್ಲಿದ್ದು ನೋಡೇನಿ. ಅದಕ್ಕೂ ಮೊದಲ ವಾಸನಿ ಬಂದಿತ್ತು. ನಮ್ಮ ಮನಿ ಎಣ್ಣಿ ನನಗ ಗೊತ್ತಾಗಂಗಿಲ್ಲೇನು?"

ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆರು ವರ್ಷ ಯಾಕೆ ಸುಮ್ಮನಿದ್ದೆ, ಅವತ್ತೇ ದವಾಖಾನೆಯಲ್ಲಿ ಎಲ್ಲರ ಮುಂದೆ ನನ್ನನ್ನು ಹೊಡೆಯಬೇಕಾಗಿತ್ತು ಎಂದೆ.

"ಹೊಡದಿದ್ರ ಅವ್ವ ಯಾಕಂತ ಕೇಳತಿದ್ಲು. ತಾ ಹಾಕಿದ ಎಣ್ಣಿನೇ ಮಗನ ಕೈ ತಿಂತು ಅಂತ ಆಕಿಗೆ ಹೆಂಗ ಹೇಳ್ಲಿ?"

ಅವನು ಎದ್ದು ನಿಂತ. ನಾನೂ ಎದ್ದೆ, ಕೈ ಕೆಳಗೆ ಬಿಟ್ಟೆ. ಎಡಗೈ ಮುಷ್ಟಿಯಿಂದ ಅವನು ನನ್ನ ದವಡೆಗೆ ಹೊಡೆದ. ಆರು ವರ್ಷ ಚುಕ್ಕಾಣಿ ಎಳೆದ ಕೈ ಅದು. ನಾನು ಹಿಂದಕ್ಕೆ ಬಿದ್ದು ಕಟ್ಟೆಗೆ ತಲೆ ತಾಗಿತು, ಬಾಯಿ ತುಂಬ ರಕ್ತ ಬಂತು. ಎದ್ದು ಕುಳಿತು ಇನ್ನೊಂದಕ್ಕೆ ಕಾದೆ. ಅವನು ಹೊಡೆಯಲಿಲ್ಲ. ನನ್ನ ಪಕ್ಕದಲ್ಲೇ ಕುಸಿದು ಕುಳಿತು ಅವ್ವನನ್ನು ನೆನೆಸಿ ಅಳಲು ಹತ್ತಿದ, ನಾನೂ ಅತ್ತೆ.

ಸದ್ದು ಕೇಳಿ ಬೀರಣ್ಣನ ಹೆಂಡತಿ ಹೊರಗೆ ಬಂದಳು. ನನ್ನ ಬಾಯಿಯ ರಕ್ತ ನೋಡಿ ಗಾಬರಿಯಾಗಿ, ಏನಾತ್ರಿ ಮಿಸ್ತ್ರಿ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮಾಳಪ್ಪ ಮುಖ ಒರೆಸಿಕೊಂಡು ಹೇಳಿದ.

"ಏನಿಲ್ಲ ವೈನಿ. ಹ್ಯಾಂಡಲ್ ಹೊಡೀತು."

ಆ ಅಂಗಳದಲ್ಲಿ ಎಂಜಿನ್ನೂ ಇರಲಿಲ್ಲ, ಹ್ಯಾಂಡಲ್ಲೂ ಇರಲಿಲ್ಲ. ಆಕೆ ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿ, ಇನ್ನೇನೂ ಕೇಳದೆ ಒಳಗೆ ಹೋಗಿ ನೀರಿನ ತಂಬಿಗೆ ತಂದಿಟ್ಟಳು.